ಎಳ್ಳಮಾಸಿಯ ದಾರಿ

ನಮ್ಮ ಕಲ್ಯಾಣದ ತರಕಾರಿ ಬಜಾರಿಗೆ ವರ್ಷದಲ್ಲಿ ಒಂದೇ ದಿನ ಒಂದು ವಾಸನೆ ಬರುತ್ತದೆ. ಎಳ್ಳಮಾಸಿಯ ಹಿಂದಿನ ದಿನ, ಅಂದರೆ ಎಳ್ಳ ಅಮಾವಾಸ್ಯೆಗೆ ಒಂದು ದಿನ ಮೊದಲು. ಹಸಿ ತೊಗರಿಕಾಯಿ, ಅವರೆ, ಬಟಾಣಿ, ಕಡಲೆ ಪಲ್ಲೆ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಎಳೆ ಬದನೆ, ಹಸಿ ಹುಣಸೆ ಎಲ್ಲ ಒಂದೇ ಗೋಣಿತಾಟಿನ ಮೇಲೆ ಒಂದರ ಮೈಗೆ ಒಂದು ಒರಗಿ ಬಿದ್ದಿರುತ್ತವೆ. ಮರುದಿನ ಇವೆಲ್ಲ ಒಂದೇ ಪಾತ್ರೆಯಲ್ಲಿ ಕುದ್ದು, ಕಡಲೆಹಿಟ್ಟು ಕೂಡಿಕೊಂಡು ಭಜ್ಜಿ ಆಗುತ್ತವೆ. ನೀವು ದಕ್ಷಿಣದ ಕಡೆಯವರಾಗಿದ್ದರೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತೀರಿ. ತಪ್ಪು ನಿಮ್ಮದಲ್ಲ. ಇದನ್ನು ಹೊಲದಲ್ಲಿ ಕುಳಿತು ಸಜ್ಜೆ ರೊಟ್ಟಿಯ ಜೊತೆ ತಿಂದವರಿಗೆ ಮಾತ್ರ ಅದು ಏನೆಂದು ಗೊತ್ತು.

ಈ ವರ್ಷ ಆ ರಾಶಿಯ ಮುಂದೆ ಕೂತು ಅವರೆಕಾಯಿ ಆರಿಸುತ್ತಿದ್ದಾಗ ವಿಶ್ವನಾಥನ ಫೋನ್ ಬಂತು. ಅವನು ಹುಮನಾಬಾದಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಹಬ್ಬ ಹುಣ್ಣಿಮೆಗೆ ಫೋನ್ ಮಾಡುವ ಗಿರಾಕಿ ಅಲ್ಲ.

"ನಾಳೆ ಹೋಗೂಣೇನು?" ಅಂದ.

ಎಲ್ಲಿಗೆ ಎಂದು ಕೇಳಿದೆ.

"ಗೊತ್ತಿದ್ದೂ ಕೇಳ್ತಿ ನೋಡು. ನಿನ್ನ ಚಾಳಿ ಹೋಗಲಿಲ್ಲ."

ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದು, ಅವನ ಬಾಯಿಂದ ಆ ಊರಿನ ಹೆಸರು ಕೇಳೋಣ ಎಂದು. ಅವನು ಹೇಳಲಿಲ್ಲ. ನಾನೂ ಇಲ್ಲಿ ಹೇಳುವುದಿಲ್ಲ. ಹುಡಗಿ ಎಂಬ ಊರು ದಾಟಿ ಸ್ವಲ್ಪ ಒಳಗೆ ಹೋದರೆ ಸಿಗುವ ಒಂದು ಹಳ್ಳಿ ಎಂದಿಷ್ಟು ತಿಳಿದುಕೊಳ್ಳಿ.

ನಾನು ದಿನಚರಿ ಬರೆಯುವ ಮನುಷ್ಯ. ಹಾಗೆಂದು ನನ್ನ ನೆನಪನ್ನು ನಂಬಬೇಡಿ, ನಾನೇ ನಂಬುವುದಿಲ್ಲ. ದಿನಚರಿ ಬರೆಯುವವನು ನಡೆದದ್ದನ್ನು ಬರೆಯುವುದಕ್ಕಿಂತ ಆ ದಿನ ತಾನು ಎಷ್ಟು ಚೆನ್ನಾಗಿ ಯೋಚಿಸಿದೆ ಎಂಬುದನ್ನೇ ಹೆಚ್ಚು ಬರೆಯುತ್ತಾನೆ. ಆ ಕಾಲದ ನನ್ನ ಪುಟಗಳನ್ನು ತೆರೆದರೆ ಶೋಷಣೆ, ವರ್ಗ, ಅನಿವಾರ್ಯ ಎಂಬ ಶಬ್ದಗಳು ಸಿಗುತ್ತವೆ. ಯಾರು ಏನು ಉಂಡರು, ಯಾರು ಅತ್ತರು ಎಂಬುದು ಸಿಗುವುದಿಲ್ಲ. ಅದನ್ನೆಲ್ಲ ಈಗ ವಾಸನೆಯಿಂದ ಹಿಡಿದು ತರಬೇಕು.

ಕಲಬುರಗಿಯಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗದೆ, ನಾನೂ ವಿಶ್ವನಾಥನೂ ಹುಮನಾಬಾದಿನ ಹಳೆ ಬಜಾರಿನಲ್ಲಿ ಒಬ್ಬ ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆವು. ವಿಶ್ವನಾಥ ಮನ್ನಾಏಖೇಳ್ಳಿಯ ಕಿರಾಣಿ ಅಂಗಡಿಯವರ ಮಗ. ಮನೆಯಲ್ಲಿ ಇಸ್ಸು, ನಮಗೂ ಇಸ್ಸು. ಮಷೀನಿನ ಕಟಕಟ ಶಬ್ದದ ಜೊತೆಗೆ ನಾವು ತೆಳ್ಳನೆಯ ಕೆಂಪು ರಟ್ಟಿನ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆವು. ಅರ್ಧ ಅರ್ಥವಾಗುತ್ತಿರಲಿಲ್ಲ, ಅರ್ಥವಾಗದ್ದರ ಬಗ್ಗೆ ನಮಗೆ ಹೆಚ್ಚು ಭಕ್ತಿ ಇತ್ತು. ನನ್ನ ಅಕ್ಷರ ದುಂಡಗೆ ಇದ್ದುದರಿಂದ ಗೋಡೆ ಬರಹ ನನ್ನ ಪಾಲಿಗೆ ಬಂತು. ಒಂದು ಸಂಜೆ ಕ್ರಾಂತಿ ಚಿರಾಯುವಾಗಲಿ ಎಂದು ಕೆಮ್ಮಣ್ಣಿನಲ್ಲಿ ಬರೆದು ಕೈ ತೊಳೆಯುತ್ತಿದ್ದಾಗ ಆ ಗೋಡೆಯ ಯಜಮಾನ ಹೊರಬಂದ. ಓಡಬೇಕು ಎಂದುಕೊಂಡೆ. ಅವನು ಬಹಳ ಹೊತ್ತು ನೋಡಿ, ಅಕ್ಷರ ಚಲೋ ಅವ, ಇದರ ಬಾಜೂಕs ಶುದ್ಧ ಶೇಂಗಾ ಎಣ್ಣೆ ಸಿಗುತ್ತದೆ ಅಂತ ಬರೀತಿ ಏನಪಾ ಎಂದು ಕೇಳಿದ. ಬರೆದುಕೊಟ್ಟೆ. ಕ್ರಾಂತಿ ಮುಂದಿನ ಮಳೆಗೆ ತೊಳೆದು ಹೋಯಿತು. ಎಣ್ಣೆಗೆ ಅವನು ಮೇಲೊಂದು ತಗಡು ಹೊಡೆಸಿದ್ದ, ಉಳಿಯಿತು.

ಇನ್ನೊಂದು ಮಾತು. ನಾನು ಹುಟ್ಟಿದ್ದು ಕಲ್ಯಾಣದಲ್ಲಿ. ಇಲ್ಲಿಯ ಮಕ್ಕಳಿಗೆ ಕ್ರಾಂತಿ ಎಂಬ ಶಬ್ದವನ್ನು ಪುಸ್ತಕ ಕಲಿಸಬೇಕಾಗಿಲ್ಲ. ಎಲ್ಲ ಕಸುಬಿನವರೂ ಒಂದೇ ಪಂಕ್ತಿಯಲ್ಲಿ ಕೂತ ಕಥೆಯನ್ನು ಊರಿನ ಕಲ್ಲುಗಳೂ ಹೇಳುತ್ತವೆ. ಹೇಳುವವರು ಕೊನೆಯನ್ನು ಮಾತ್ರ ಬೇಗ ಮುಗಿಸುತ್ತಾರೆ: ರಾಜನ ಕೊಲೆಯಾಯಿತು, ಶರಣರು ದಿಕ್ಕುಪಾಲಾದರು. ಈ ಎರಡು ವಾಕ್ಯಗಳ ನಡುವೆ ಏನಿದೆ ಎಂದು ನಮ್ಮ ಶಾಲೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ವಾಕ್ಯ ಮುಗಿದು ಇನ್ನೊಂದು ಬಂತು, ಅಷ್ಟೆ.

ರವಿವಾರ ಮಧ್ಯಾಹ್ನ ನಾವು ಬಸ್ ಹಿಡಿದು ಆ ಹಳ್ಳಿಗೆ ಹೋಗಿ, ಬೌದ್ಧರಾದ ದಲಿತರ ಓಣಿಯ ವಿಹಾರದ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದೆವು. ಅಲ್ಲಿಯ ಶಾಂತಾಬಾಯಿ ಎಂಬ ಕೂಲಿ ಹೆಣ್ಣುಮಗಳು ನಮ್ಮ ಪಾಠವನ್ನು ಒಂದು ದಿನವೂ ಪೂರ್ತಿ ಕೇಳಿದವಳಲ್ಲ. ಬಂದು ನಿಲ್ಲುವಳು, ಸೊಂಟದ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನೋಡುವಳು, ಚಹಾ ಕುಡದು ಮಾತಾಡ್ರಿ, ಗಂಟಲ ಒಣಗ್ಯಾವ ಎಂದು ಎಬ್ಬಿಸುವಳು. ಭಾರಿ ಹಟಮಾರಿ, ಓಣಿಯವರೊಡನೆ ದಿನಕ್ಕೊಂದು ಜಗಳ. ಇಸ್ಸುವೆಂದರೆ ಅವಳಿಗೆ ವಿಶೇಷ ಅಕ್ಕರೆ. ನನ್ನನ್ನು ಮಾಸ್ತರ ಎನ್ನುತ್ತಿದ್ದಳು. ಅವನು ಮಾತ್ರ ಇಸ್ಸಪ್ಪ.

ಅವಳಿಗೆ ಬೇಕಾದದ್ದು ಒಂದೇ. ದಾರಿ. ಆ ಓಣಿಯವರು ಸತ್ತವರಿಗೆ ಮಣ್ಣು ಕೊಡುವ ಜಾಗ ಊರ ಧಣಿಯ ಹೊಲದ ಆಚೆ ಇತ್ತು. ನೆಟ್ಟಗೆ ಹೋಗಲು ಆ ಹೊಲವನ್ನೇ ದಾಟಬೇಕು. ಧಣಿಯ ಹೊಲದಲ್ಲಿ ಅವರ ಹೆಣ ಹೋಗುವಂತಿಲ್ಲ. ಹಾಗಾಗಿ ಸುತ್ತುಹಾಕಿ ಹಳ್ಳಕ್ಕೆ ಇಳಿದು ಹೋಗಬೇಕು. ಮಳೆಗಾಲದಲ್ಲಿ ಎದೆಮಟ್ಟದ ನೀರಿನಲ್ಲಿ ಹೆಣವನ್ನು ಮೇಲೆತ್ತಿ ಹಿಡಿದು ದಾಟಬೇಕು. ಅವಳ ತಾಯಿಯನ್ನು ದಾಟಿಸುವಾಗ ಸಿದಿಗೆ ಕೈಜಾರಿತ್ತಂತೆ.

ಈಗ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಹೇಳಬೇಕು. ಎಳ್ಳಮಾಸಿಯ ದಿನ ಯಾರ ಹೊಲಕ್ಕೂ ಬೇಲಿ ಇಲ್ಲ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬದುವಿನ ಮೇಲೆ ಹೋಗುವವರನ್ನು, ಗುರುತಿರಲಿ ಬಿಡಲಿ, ಕರೆದು ಉಣಿಸಬೇಕು. ಆ ದಿನ ಹೊಲದಲ್ಲಿ ಕಾಲಿಟ್ಟವರನ್ನು ಹೊರಗೆ ಹೋಗು ಎನ್ನುವವನು ಇನ್ನೂ ಹುಟ್ಟಿಲ್ಲ. ಶಾಂತಾಬಾಯಿ ಇದನ್ನೇ ಹಿಡಿದಳು. ಒಂದು ಎಳ್ಳಮಾಸಿಗೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು, ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು, ಧಣಿಯ ಹೊಲದ ನಟ್ಟನಡುವೆ ಸಾಲಾಗಿ ನಡೆದು, ಮಣ್ಣು ಕೊಡುವ ಜಾಗದ ಹತ್ತಿರ ಬೇವಿನ ಮರದ ಕೆಳಗೆ ಕೂತು ಉಂಡು ಬಂದಳು. ಧಣಿ ಬದುವಿನ ಮೇಲೆ ನಿಂತು ನೋಡಿದ. ಏನು ಹೇಳಿಯಾನು? ಹಬ್ಬ.

ಬುದ್ಧನ ಕಡೆ ಹೋದ ಮೇಲೂ ಈ ಹಬ್ಬ ಯಾಕೆ ಎಂದು ಇಸ್ಸು ಅವಳನ್ನು ಕೆಣಕಿದ್ದ.

"ಪೂಜಿ ಬಿಟ್ಟೇವಪ್ಪಾ," ಅಂದಳು. "ಭಜ್ಜಿ ಬಿಡ್ತೀವಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ."

ಮರುವರ್ಷ ಮತ್ತೆ ನಡೆದರು. ಈ ಸಲ ಸಣ್ಣ ಹಿಡುವಳಿಯ ಲಿಂಗಾಯತ ಮನೆಗಳ ಕೆಲವು ಹೆಂಗಸರೂ ಹಿಂದೆ ಬಂದರು. ಶಾಂತಾಬಾಯಿಯ ಭಜ್ಜಿಯ ಹೆಸರು ಅಷ್ಟಿತ್ತು. ಕುಸುಬೆ ಸಾಲಿನ ನಡುವೆ ತುಳಿದ ಗುರುತು ಹಬ್ಬ ಕಳೆದ ಮೇಲೂ ಬಹಳ ದಿನ ಉಳಿಯಿತು. ಇಸ್ಸುವಿಗೆ ಇದು ಸಹಿಸಲಾಗುತ್ತಿರಲಿಲ್ಲ. ವರ್ಷಕ್ಕೆ ಒಮ್ಮೆ ಊಟದ ಬುಟ್ಟಿ ಹೊತ್ತು ನಡೆದರೆ ಯಾವ ದೇಶದಲ್ಲಿ ಬದಲಾವಣೆ ಬಂದಿದೆ ಎಂದು ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ನಾನು ಅವನು ಹೇಳಿದ್ದಕ್ಕೂ ತಲೆಯಾಡಿಸುತ್ತಿದ್ದೆ, ಹಳ್ಳಿಗೆ ಹೋದಾಗ ಅವಳು ಹೇಳಿದ್ದಕ್ಕೂ. ಆ ದಿನಗಳಲ್ಲಿ ನನ್ನ ಕತ್ತಿಗೆ ಒಳ್ಳೆಯ ವ್ಯಾಯಾಮ. ಅಷ್ಟರಲ್ಲಿ ಗಡಿಯ ಆಚೆಯಿಂದ ಇಬ್ಬರು ಬಂದು ಅವನನ್ನು ಕಾಣತೊಡಗಿದ್ದರು. ಅವರು ಬಂದಾಗ ನನ್ನನ್ನು ಚಹಾ ತರಲು ಕಳಿಸುತ್ತಿದ್ದರು. ಚಹಾ ತರಲು ಕಳಿಸುವುದು ಅಪನಂಬಿಕೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಮೂರನೆಯ ಎಳ್ಳಮಾಸಿ. ಇಸ್ಸು ಜ್ವರ ಎಂದು ಬರಲಿಲ್ಲ. ನಾನು ಹೋಗಿದ್ದೆ, ಹೋಗಿದ್ದೆ ಎಂದು ನನ್ನ ನೆನಪು. ನೀನು ಬಂದದ್ದು ಮರುದಿನದ ಬಸ್ಸಿಗೆ, ಆ ದಿನ ಹೊಲದಲ್ಲಿ ನೀನಿರಲೇ ಇಲ್ಲ ಎಂದು ಇಸ್ಸು ವಾದಿಸುತ್ತಾನೆ. ಇರಲಿ. ನನ್ನ ನೆನಪಿನಲ್ಲಿ ಬೇವಿನ ನೆರಳಿದೆ, ಭಜ್ಜಿಯ ಪಾತ್ರೆಯ ಮುಚ್ಚಳ ತೆಗೆದಾಗ ಅಜವಾನದ ವಾಸನೆಯ ಉಗಿ ಇದೆ. ಧಣಿಯ ಹೆಂಡತಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಆ ವರ್ಷ ಆಯಿ ತಾನಾಗಿ ನಡೆದು ಬಂದು, ಸ್ವಲ್ಪ ದೂರದಲ್ಲೇ ಗೋಣಿಚೀಲದ ಮೇಲೆ ಕೂತಳು. ತಟ್ಟೆ ತನ್ನದೇ ತಂದಿದ್ದಳು. ಆದರೆ ಅಂಬಲಿ ಮಾತ್ರ ಶಾಂತಾಬಾಯಿಯ ಕೊಡದಿಂದ ಕೇಳಿ ಹಾಕಿಸಿಕೊಂಡಳು. ಹೆಂಗಸರೆಲ್ಲ ಆ ಅಂಬಲಿ ಬಾಯಿಗೆ ಹೋಗುವುದನ್ನೇ ನೋಡಿದರು. ಬದುವಿನ ಮೇಲಿದ್ದ ಧಣಿ ಯಾರ ಮುಖವನ್ನೂ ನೋಡದೆ, "ಸುಗ್ಗಿ ಆಗ್ಲಿ ಶಾಂತಾ, ದಾರಿಗಿ ಬದುವಿನ ಕಲ್ಲು ಸರಿಸೂಣು," ಎಂದ.

ಅದಾದ ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಹೊಗೆ ಎದ್ದಿತು.

ಇಸ್ಸು ಮತ್ತು ಆ ಇಬ್ಬರು ಧಣಿಯ ವಾಡೆಯ ಹಿಂದಿದ್ದ ಒಣ ಜೋಳದ ದಂಟಿನ ಕಣಕಿ ಬಣವೆಗೆ ಬೆಂಕಿ ಹಚ್ಚಿದ್ದರು. ಅವನ ಲೆಕ್ಕಾಚಾರ ಹೀಗಿತ್ತು: ಎಳ್ಳಮಾಸಿಗೆ ಊರು ಖಾಲಿ, ಎತ್ತುಗಳನ್ನೂ ಬಂಡಿಗೆ ಹೂಡಿ ಹೊಲಕ್ಕೆ ಒಯ್ದಿರುತ್ತಾರೆ, ಯಾರಿಗೂ ಪೆಟ್ಟಾಗದೆ ಧಣಿಗೆ ಮಾತ್ರ ತಾಕುವ ಬೆಂಕಿ. ಅಂಗಡಿಯವರ ಮನೆಯಲ್ಲಿ ಬೆಳೆದವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ವಾಡೆಯನ್ನು ಯಾರೂ ಖಾಲಿ ಬಿಟ್ಟು ಹಬ್ಬಕ್ಕೆ ಹೋಗುವುದಿಲ್ಲ. ಕಾವಲಿಗೆ ವರ್ಷದ ಆಳನ್ನು ಬಿಟ್ಟಿರುತ್ತಾರೆ. ಊರೆಲ್ಲ ಉಣ್ಣುವ ದಿನ ಅವನೊಬ್ಬನ ಬುತ್ತಿ ಸಂಜೆಗೆ ಬರುತ್ತದೆ. ಆ ವರ್ಷದ ಆಳು ತುಕಾರಾಮ, ಶಾಂತಾಬಾಯಿಯ ತಮ್ಮ. ಬೆಂಕಿ ಬಣವೆಯಿಂದ ಕೊಟ್ಟಿಗೆಯ ಚಪ್ಪರಕ್ಕೆ ಹಾರಿದಾಗ ಒಳಗೆ ಆಗಷ್ಟೇ ಈದ ಹಸು ಮತ್ತು ಕರು ಇದ್ದವು. ಅವನು ಒಳಗೆ ನುಗ್ಗಿ ಹಗ್ಗ ಬಿಚ್ಚಿದ. ಹಸುವೂ ಕರುವೂ ಹೊರಗೆ ಬಂದವು. ಚಪ್ಪರ ಅವನ ಕೈಗಳ ಮೇಲೆ ಬಿತ್ತು.

ಅಲ್ಲಿಯವರೆಗೆ ಊರಿನಲ್ಲಿದ್ದ ಪ್ರಶ್ನೆ, ದಾರಿ ಯಾಕೆ ಇಲ್ಲ ಎಂಬುದು. ಆ ಸಂಜೆಯಿಂದ, ಬೆಂಕಿ ಹಚ್ಚಿದವರು ಯಾರು ಎಂಬುದಾಯಿತು. ಮೂರು ವರ್ಷದಿಂದ ಮುಜುಗರಪಡುತ್ತ ಬದುವಿನ ಮೇಲೆ ನಿಂತಿದ್ದ ಧಣಿ ಒಂದೇ ಮಧ್ಯಾಹ್ನದಲ್ಲಿ ಅನ್ಯಾಯಕ್ಕೆ ಒಳಗಾದವನಾದ. ಅದು ಅವನಿಗೆ ಎಷ್ಟು ಹಗುರವಾಗಿರಬೇಕು ಎಂದು ನಾನು ಈಗ ಯೋಚಿಸುತ್ತೇನೆ. ಓಣಿಯ ಹುಡುಗರನ್ನು ಪೊಲೀಸರು ವ್ಯಾನಿನಲ್ಲಿ ಹುಮನಾಬಾದಿಗೆ ಒಯ್ದರು. ಅಂಬಲಿ ಕುಡಿದಿದ್ದ ಆಯಿ ಹೊರಗೆ ಬರುವುದನ್ನು ಬಿಟ್ಟಳು. ಲಿಂಗಾಯತರ ಹೆಂಗಸರು ಶಾಂತಾಬಾಯಿಯನ್ನು ಕಂಡರೆ ಬೇರೆ ಓಣಿ ಹಿಡಿಯತೊಡಗಿದರು. ಕುಸುಬೆ ಸಾಲಿನ ನಡುವಿನ ಗುರುತಿನ ಮೇಲೆ ಜಾಲಿಮುಳ್ಳಿನ ಬೇಲಿ ಬಂತು. ಮುಂದಿನ ಎಳ್ಳಮಾಸಿಗೂ ಅದನ್ನು ತೆಗೆಯಲಿಲ್ಲ; ಹಬ್ಬದ ದಿನ ಹೊಲಕ್ಕೆ ಬೇಲಿ ಹಾಕಿದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ, ಮತ್ತು ಯಾರೂ ತಪ್ಪು ಎನ್ನಲಿಲ್ಲ.

ಇಸ್ಸು ಆ ರಾತ್ರಿಯ ಹೊತ್ತಿಗೆ ಗಡಿ ದಾಟಿದ್ದ. ವರ್ಷಗಟ್ಟಲೆ ನಕ್ಸಲರ ಜೊತೆ ಕಾಡಿನಲ್ಲಿದ್ದ, ಬೇರೆ ಯಾವುದೋ ಪ್ರಕರಣದಲ್ಲಿ ಸಿಕ್ಕ, ಜೈಲು ಮುಗಿಸಿ ತಲೆ ಬೆಳ್ಳಗೆ ಮಾಡಿಕೊಂಡು ಬಂದ. ಕಾಡಿನ ಬಗ್ಗೆ ಅವನು ಹೆಚ್ಚು ಮಾತಾಡುವುದಿಲ್ಲ. ಒಮ್ಮೆ ಮಾತ್ರ, ಗಿರಾಕಿಗಳಿಲ್ಲದ ಮಧ್ಯಾಹ್ನ, ಮಷೀನಿನ ಮುಚ್ಚಳ ಒರೆಸುತ್ತ ಹೇಳಿದ್ದು ನೆನಪಿದೆ.

"ನಾವು ಹೋದ ಊರಾಗ ಮಂದಿ ಮಾತಾಡೂದು ಬಿಡ್ತಿದ್ರು. ಮೊದಲ ನಮಗ ಮರ್ಯಾದಿ ಕೊಡಾಕತ್ತಾರ ಅನಕೊಂಡೆ. ಆಮ್ಯಾಲ ತಿಳೀತು, ಪೊಲೀಸರು ಬಂದಾಗೂ ಹಂಗs ಸುಮ್ಮನಿರ್ತಾರ."

ನನಗೆ ಗೊತ್ತಿರುವ ರಾಜಕೀಯ ಶಾಸ್ತ್ರವೆಲ್ಲ ಆ ಮಾತಿನ ಮುಂದೆ ಚಿಲ್ಲರೆ ಅನ್ನಿಸಿತು. ಆದರೂ ಪ್ರಾಮಾಣಿಕವಾಗಿ ಒಂದು ಸಂಶಯ ಹೇಳಬೇಕು, ಏಕೆಂದರೆ ಇಸ್ಸು ಅದನ್ನು ಇಂದಿಗೂ ಬಿಟ್ಟಿಲ್ಲ: ಧಣಿ ಸುಗ್ಗಿಯಾದ ಮೇಲೆ ಕಲ್ಲು ನಿಜವಾಗಿ ಸರಿಸುತ್ತಿದ್ದನೇ? ಧಣಿಗಳ ಸುಗ್ಗಿ ಯಾವ ಕಾಲಕ್ಕೆ ಮುಗಿದಿದೆ? ಸರಿಸದಿದ್ದರೆ ನಾಲ್ಕನೆಯ ವರ್ಷ ಇನ್ನಷ್ಟು ಜನ ನಡೆಯುತ್ತಿದ್ದರು ಎಂಬುದು ಮಾತ್ರ ಗೊತ್ತು. ಅಷ್ಟು ಜನರ ಕಾಲಲ್ಲಿದ್ದ ಕೆಲಸವನ್ನು ಮೂವರು ಕೈಗೆ ತೆಗೆದುಕೊಂಡರು. ಉಳಿದವರಿಗೆ ಮನೆಯ ಬಾಗಿಲು ಹಾಕಿಕೊಳ್ಳುವ ಕೆಲಸ ಉಳಿಯಿತು.

ಶಾಂತಾಬಾಯಿಗೆ ಎಲ್ಲ ಗೊತ್ತಿತ್ತು. ಇಸ್ಸು ಅಂಗಡಿ ಹಾಕಿದ ವರ್ಷ ರೇಷನ್ ಕಾರ್ಡಿನ ಝೆರಾಕ್ಸ್ ತೆಗೆಸಲು ಬಂದಳಂತೆ. ಮೈಮೇಲೆ ಬಂದವಳಂತೆ ಬಯ್ಯಲಿ ಎಂದು ಇವನು ಕಾದು ನಿಂತ. "ಇಸ್ಸಪ್ಪಾ, ಮುದುಕ ಆಗಿ ಅಲ್ಲೋ," ಅಂದಳು. ಹಾಳೆಯನ್ನು ಬೆಳಕಿಗೆ ಹಿಡಿದು, ಕಪ್ಪು ಜಾಸ್ತಿ ಬಿದ್ದದ, ಇನ್ನೊಂದು ತೆಗಿ ಅಂದಳು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, ಎಳ್ಳಮಾಸಿಗೆ ಬಾ ಎಂದಳು. ಆಮೇಲೆ ಪ್ರತಿ ವರ್ಷ ಯಾರ ಕೈಲಾದರೂ ಹೇಳಿ ಕಳಿಸುತ್ತಿದ್ದಳು. ಇವನು ಪ್ರತಿ ವರ್ಷ ಆ ದಿನ ಅಂಗಡಿ ತೆರೆದು ಕೂರುತ್ತಿದ್ದ. ಹಬ್ಬದ ದಿನ ಝೆರಾಕ್ಸಿಗೆ ಯಾರು ಬರುತ್ತಾರೆ?

ಅವಳು ಮಾತ್ರ ನಡೆಯುವುದನ್ನು ಬಿಟ್ಟಿರಲಿಲ್ಲ. ಕೆಲವು ವರ್ಷ ಸುಮ್ಮನಿದ್ದಳು, ಆಮೇಲೆ ಒಬ್ಬಳೇ ಬುಟ್ಟಿ ಹೊತ್ತು ಮುಳ್ಳುಬೇಲಿಯವರೆಗೆ ಹೋಗಿ, ಅದರ ಈಚೆ ಕೂತು ಉಂಡು ಬರತೊಡಗಿದಳು. ಒಬ್ಬಳು ಇಬ್ಬರಾದರು, ಮತ್ತೆ ಸಾಲು ಬೆಳೆಯಿತು. ಧಣಿ ತೀರಿಕೊಂಡ ಮೇಲೆ ಆಯಿ ಒಂದು ಎಳ್ಳಮಾಸಿಯ ಬೆಳಿಗ್ಗೆ ತಾನೇ ನಿಂತು ಮುಳ್ಳು ಎಳೆಸಿದಳು. ಈಗ ಅಲ್ಲಿ ಪಂಚಾಯತಿಯವರು ಮುರುಮ್, ಅಂದರೆ ಕೆಂಪು ಗರಸುಮಣ್ಣು, ಹಾಕಿ ದಾರಿ ಮಾಡಿದ್ದಾರೆ. ಕಳೆದ ಮಳೆಗಾಲದಲ್ಲಿ ಶಾಂತಾಬಾಯಿ ಸತ್ತಾಗ ಹಳ್ಳ ತುಂಬಿ ಹರಿಯುತ್ತಿತ್ತು. ಅವಳನ್ನು ಆ ದಾರಿಯ ಮೇಲೆ, ಕಾಲು ಒದ್ದೆಯಾಗದಂತೆ, ಒಯ್ದರು. ನಾನು ಹೋಗಿದ್ದೆ. ಇಸ್ಸು ಬಂದಿರಲಿಲ್ಲ.

ಹಾಗಾಗಿ ಈ ವರ್ಷ ಅವನ ಫೋನು. ಕರೆಯುವವಳು ಇಲ್ಲದ ಮೇಲೆ ಹೋಗಬೇಕು ಅನ್ನಿಸಿತೋ ಏನೋ.

ಹುಮನಾಬಾದಿನಿಂದ ಅವನ ಸ್ಕೂಟರಿನಲ್ಲಿ ಹೋದೆವು. ಎಳೆ ಬಿಸಿಲು, ಎರಡೂ ಕಡೆ ತೆನೆ ಹಿಡಿದ ಜೋಳ, ಎಲ್ಲ ಹೊಲದಲ್ಲೂ ಜನ. ಮುರುಮಿನ ದಾರಿ ಶುರುವಾಗುವಲ್ಲಿ ಅವನು ಗಾಡಿ ನಿಲ್ಲಿಸಿ, ಇಲ್ಲಿಂದ ನಡೆಯೋಣ ಅಂದ. ಅರ್ಧ ದಾರಿಯಲ್ಲಿ ಧಣಿಯ ಮಗ ತನ್ನ ಹೊಲದಿಂದ ಕೈ ಎತ್ತಿ, "ಬರ್ರಿ ಸರ, ಉಂಡು ಹೋಗ್ರಿ," ಎಂದು ಕೂಗಿದ. ನನ್ನ ಪಕ್ಕದಲ್ಲಿರುವವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಬರುವಾಗ ಬರ್ತೀವಿ ಎಂದೆ. ಇಸ್ಸುವಿನ ನಡಿಗೆ ನಿಧಾನವಾಯಿತು.

ಬೇವಿನ ಕೆಳಗೆ ತುಕಾರಾಮ ಕೂತಿದ್ದ. ಎರಡೂ ಕೈಗಳ ಬೆರಳು ಒಳಕ್ಕೆ ಮಡಚಿಕೊಂಡು, ಮುಷ್ಟಿಯಂತೆ, ತೊಡೆಯ ಮೇಲಿದ್ದವು. ಇಸ್ಸುವನ್ನು ನೋಡಿ ಎದ್ದೇಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ನನ್ನ ಕಡೆ ತಿರುಗಿ, ಮಾಸ್ತರ, ಈ ಸಲ ಅಂಬಲಿ ಕೊಡದಿಂದ ದೂರ ಕೂಡ್ರಿ ಅಂದ. ಯಾಕೆ ಎಂದೆ.

"ಹೊಗಿ ನೋಡಿ ಓಡೂ ಮುಂದ ಕೊಡ ಒದ್ದು ಹೋಗಿದ್ರಿ. ನಮ್ಮಕ್ಕ ಸಾಯೂ ತನಕಾ ಅದನ್ನs ಹೇಳ್ತಿದ್ಲು. ಬೆಂಕೀಗಿ ಬೈದಕ್ಕಿಂತ ಜಾಸ್ತಿ ನಿಮಗ ಬೈದಾಳ."

ಸುತ್ತ ಕೂತವರು ನಕ್ಕರು. ಆ ದಿನ ನಾನು ಹೊಲದಲ್ಲಿದ್ದೆ ಎಂಬುದಕ್ಕೆ ಇಷ್ಟು ವರ್ಷಗಳ ಮೇಲೆ ಸಾಕ್ಷಿ ಸಿಕ್ಕಿತು. ಕೊಡ ಒದ್ದದ್ದು ನನ್ನ ನೆನಪಿನಲ್ಲಿ ಎಲ್ಲೂ ಇಲ್ಲ. ಇಸ್ಸು ನಗಲಿಲ್ಲ. ನಿಂತೇ ಇದ್ದ. ತಟ್ಟೆಗಳು ಬಂದವು, ಭಜ್ಜಿ ಬಿತ್ತು, ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ಬಂತು. ತುಕಾರಾಮ ತನ್ನ ತಟ್ಟೆಯನ್ನು ಮಣಿಕಟ್ಟಿನಿಂದ ಮುಂದಕ್ಕೆ ತಳ್ಳಿದ.

"ನಿಂತು ಏನ್ ನೋಡ್ತಿ? ಕೂಡು. ನನ್ನ ರೊಟ್ಟಿ ಅಕ್ಕ ಮುರದು ಕೊಡ್ತಿದ್ಲು. ಈಗ ನೀ ಮುರಿ. ಸಣ್ಣಗ ಮುರಿ. ಹಲ್ಲೂ ಇಲ್ಲ ಈಗ."

ಇಸ್ಸು ಕೂತ. ರೊಟ್ಟಿ ಮುರಿದ. ಒಂದು ತುಂಡು ದೊಡ್ಡದಾಯಿತು, ಅದನ್ನು ಮತ್ತೆ ಮುರಿದ. ಭಜ್ಜಿಯಲ್ಲಿ ಹಾಕಿ ನೆನೆಯಲು ಬಿಟ್ಟ. ಆ ಕೆಲಸ ಮುಗಿಯುವವರೆಗೆ ಅವನು ತಲೆ ಎತ್ತಲಿಲ್ಲ. ತುಕಾರಾಮ ಎರಡು ಮುಷ್ಟಿಗಳ ನಡುವೆ ಚಮಚ ಹಿಡಿದು ಉಣ್ಣತೊಡಗಿದ ಮೇಲೆ, ಒಬ್ಬ ಮುದುಕಿ ಇಸ್ಸುವಿನ ತಟ್ಟೆಗೂ ಬಡಿಸಿದಳು.

ಸಂಜೆ ಕಲ್ಯಾಣದ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅವರು ಕಟ್ಟಿಕೊಟ್ಟ ಡಬ್ಬಿ ಬೆಚ್ಚಗೆ ಕೂತಿತ್ತು. ಮನೆಗೆ ಬಂದು ದಿನಚರಿ ತೆರೆದೆ. ಒಂದು ವಾಕ್ಯ ಹೊಳೆಯಿತು, ಚೆನ್ನಾಗಿಯೇ ಇತ್ತು, ಅದಕ್ಕೇ ಬರೆಯಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದೆ, ರೊಟ್ಟಿ ಕೈಗೆ ತೆಗೆದುಕೊಂಡೆ. ಆಮೇಲೆ ಬೆರಳುಗಳನ್ನು ಒಳಕ್ಕೆ ಮಡಚಿ, ಎರಡು ಮುಷ್ಟಿಗಳ ನಡುವೆ ಇಟ್ಟು ಅದನ್ನು ಮುರಿಯಲು ನೋಡಿದೆ. ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿ ನೆಲಕ್ಕೆ ಬಿತ್ತು.

ಏನ್ ಮಾಡಾಕತ್ತೀರಿ ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಜರಾ ಮುರದು ಕೊಡು," ಅಂದೆ.